ಗುರುಸ್ವಾಮಿಯ ಮನೆಗೆ ಜಪ್ತಿಗೆ ಹೋದದ್ದು

ಅಮೀನನ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಬಂದವರು ಬತ್ತೆ ಎಷ್ಟು ಸಿಗುತ್ತಿತ್ತು, ಬಡ್ತಿ ಯಾವಾಗ ಬಂತು ಎಂದು ಕೇಳುತ್ತಾರೆ. ಆ ವಿಷಯದಲ್ಲಿ ಹೇಳುವಂಥದ್ದೇನೂ ನನ್ನಲ್ಲಿಲ್ಲ. ಕೋರ್ಟಿನ ಸಮನ್ಸು, ನೋಟೀಸು, ಜಪ್ತಿ ವಾರಂಟುಗಳನ್ನು ಚೀಲದಲ್ಲಿಟ್ಟುಕೊಂಡು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳ್ಳಿಗಳನ್ನು ಸುಮಾರು ಮೂವತ್ತು ವರ್ಷ ಸುತ್ತಿದೆ. ನಮ್ಮನ್ನು ಕಂಡರೆ ಜನ ಬಾಗಿಲು ಮುಂದಕ್ಕೆಳೆದುಕೊಳ್ಳುತ್ತಿದ್ದರು. ಗಂಡಸರು ಹಿತ್ತಲಿನಿಂದ ಜಾರಿಕೊಳ್ಳುತ್ತಿದ್ದರು. ಕುಡಿಯಲು ನೀರು ಕೇಳಿದರೂ ಕೊಡಲೋ ಬೇಡವೋ ಎಂದು ಹೆಂಗಸರು ಯೋಚಿಸುತ್ತಿದ್ದರು. ಆ ಕೆಲಸ ಹೇಗಿತ್ತು ಎಂದು ಬರೆಯಬೇಕಾದರೆ ನನಗೆ ಒಂದು ಮನೆ ನೆನಪಾಗುತ್ತದೆ. ಆ ಊರಿನ ಹೆಸರನ್ನು ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಆ ಮನೆಯ ಮಗಳು, ಮೊಮ್ಮಕ್ಕಳು ಇನ್ನೂ ಇದ್ದಾರೆ.

ಮೊದಲು ನಮ್ಮ ಕೆಲಸದ ಮಾತು ಸ್ವಲ್ಪ ಹೇಳುತ್ತೇನೆ. ನಾನು ಸೇರಿದಾಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಕೊಯಮತ್ತೂರು ಜಿಲ್ಲೆ. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರಿನದು. ನಮ್ಮ ಕಡೆಯ ಸಾಲಗಾರ ಎತ್ತುಗಳನ್ನು ಹೊಡೆದುಕೊಂಡು ಮಾಂಬಳ್ಳಿಯ ನೆಂಟರ ಮನೆಗೆ ಹೋಗಿ ಕೂತರೆ ಮುಗಿಯಿತು, ನಮ್ಮ ವಾರಂಟು ಅಲ್ಲಿ ನಡೆಯುತ್ತಿರಲಿಲ್ಲ. ಕಾಗದ ಕೊಯಮತ್ತೂರಿಗೆ ಹೋಗಿ, ಅಲ್ಲಿಂದ ಮೈಸೂರಿಗೆ ಹೋಗಿ, ತಿರುಗಿ ಬರುವ ಹೊತ್ತಿಗೆ ಎತ್ತೇ ಮುದಿಯಾಗಿರುತ್ತಿತ್ತು. 1956ರಲ್ಲಿ ರಾಜ್ಯ ಒಂದಾದ ಮೇಲೆ ಅದು ನಿಂತಿತು. ತಮಿಳಿನಲ್ಲಿ ಮಹಜರು ಬರೆದು ರೂಢಿಯಾಗಿದ್ದ ನಾನು ನಲವತ್ತರ ಹತ್ತಿರ ಬಂದಮೇಲೆ ಕನ್ನಡದಲ್ಲಿ ಬರೆಯಲು ಕೂತೆ. ಮನೆಯಲ್ಲಿ ಆಡುವ ಭಾಷೆ ಕಾಗದಕ್ಕೆ ಇಳಿಯಲು ಒಂದು ವರ್ಷ ಹಿಡಿಯಿತು.

ಆ ವರ್ಷವೇ ಹನೂರಿನಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಸಮನ್ಸಿನಲ್ಲಿ ಮಾದಪ್ಪ ಬಿನ್ ಸಿದ್ದಪ್ಪ ಎಂದಿತ್ತು. ಆ ಸೀಮೆಯಲ್ಲಿ ಕಲ್ಲೆಸೆದರೆ ಬೀಳುವುದು ಮಾದಪ್ಪನ ಮೇಲೆಯೇ. ನಾನು ಕೊಟ್ಟ ಮಾದಪ್ಪ ಬೇರೆ, ದಾವೆ ಇದ್ದ ಮಾದಪ್ಪ ಬೇರೆ. ಸಂಬಂಧವಿಲ್ಲದ ಆ ಬಡವ ಹೆದರಿ, ಕೆಲಸ ಬಿಟ್ಟು, ಮೂರು ವಾಯಿದೆಗೆ ಕೋರ್ಟಿನ ಜಗುಲಿಯಲ್ಲಿ ಬಂದು ಕೂತಿದ್ದ. ನಮ್ಮ ನಾಜರ್ ನನಗೆ ಎಲ್ಲರೆದುರಿಗೆ ಛೀಮಾರಿ ಹಾಕಿದರು. ಅಮೀನರಿಗೆಲ್ಲ ಅವರೇ ಯಜಮಾನರು, ಯಾವ ವಾರಂಟು ಯಾರ ಕೈಗೆ ಎಂದು ತೀರ್ಮಾನಿಸುವವರು. ಅದಾದ ಮೇಲೆ ನಾನು ಯಾವ ಊರಿಗೆ ಹೋದರೂ ಮೊದಲು ಒಬ್ಬ ತಿಳಿದವನನ್ನು ಹುಡುಕಿ, ಅವನಿಂದ ಆಸಾಮಿಯನ್ನು ಗುರುತು ಹಿಡಿಸಿಕೊಂಡೇ ಕಾಗದ ಕೊಡುತ್ತಿದ್ದೆ.

ಮಧುವನಹಳ್ಳಿ ಕಡೆಗೆ ನನಗೆ ಹಾಗೆ ಗುರುತು ಹಿಡಿದುಕೊಡುತ್ತಿದ್ದವನು ಗುರುಸ್ವಾಮಿ.

ಅವನು ರೇಷ್ಮೆ ನೂಲು ಬಿಚ್ಚುವವರ ಒಂದು ಚಿಕ್ಕ ಉಳಿತಾಯ ಸಂಘಕ್ಕೆ ಕಾರ್ಯದರ್ಶಿ. ಜಮೀನಿದ್ದ ಮನೆತನ, ಹಣೆಯ ಮೇಲೆ ದಿನವೂ ಮೂರೆಳೆ ವಿಭೂತಿ, ಮಾತು ಮೃದು. ಸಂಘದ ಸದಸ್ಯರಲ್ಲಿ ಹೆಚ್ಚಿನವರು ಚರಕದ ಮುಂದೆ ಕೂತು ರೇಷ್ಮೆಗೂಡಿನ ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳುವ ಹೆಂಗಸರು. ವಾರ ವಾರ ಅವರು ತಂದುಕೊಟ್ಟ ಚಿಲ್ಲರೆಯನ್ನು ಅವನು ಅವರ ಪಾಸ್‌ಪುಸ್ತಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಮೊಹರು ಒತ್ತಿ ಕೊಡುತ್ತಿದ್ದ. ನಾನು ಹೋದರೆ ಕುರ್ಚಿ ಎಳೆದು ಹಾಕುವನು, ಕಾಫಿ ತರಿಸುವನು. ಅಮೀನನಿಗೆ ಕುರ್ಚಿ ಹಾಕುವವರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ.

ರಾಜ್ಯ ಒಂದಾಗಿ ಎರಡು ವರ್ಷವಾಗಿರಬಹುದು. ಒಬ್ಬ ಬಿದಿರು ಕಂಟ್ರಾಕ್ಟರನಿಗೆ ನೋಟೀಸು ಕೊಡಬೇಕಿತ್ತು. ಅವನು ಪಾಲಾರಿನಲ್ಲಿದ್ದಾನೆ ಎಂದು ತಿಳಿದು, ಹನೂರಿನಿಂದ ಬಿದಿರಿನ ಲಾರಿ ಹತ್ತಿ ಕಾಡಿನ ದಾರಿಯಲ್ಲಿ ಅಲ್ಲಿಗೆ ಹೋದೆ. ಪಾಲಾರ್ ಹೊಳೆಯ ಈಚೆ ದಡ ನಮ್ಮ ರಾಜ್ಯ, ಆಚೆ ದಡ ಮದ್ರಾಸು. ನೀರು ಮೊಣಕಾಲಿನ ಮಟ್ಟಕ್ಕಿತ್ತು. ದಡದ ಹೊಂಗೆ ಮರದಡಿ ಗೋಣಿತಾಟು ಹಾಸಿಕೊಂಡು ಇಪ್ಪತ್ತು ಮಂದಿ ಇಸ್ಪೀಟು ಆಡುತ್ತಿದ್ದರು. ಕಾವಲಿಗೆ ನಿಂತಿದ್ದವನು ನನ್ನ ಖಾಕಿ ಕೋಟು ನೋಡಿ ಪೊಲೀಸಿನವನೆಂದು ತಿಳಿದು ಸಿಳ್ಳೆ ಹಾಕಿದ. ಎಲ್ಲರೂ ಪಂಚೆ ಎತ್ತಿಕೊಂಡು ದಡಬಡ ನೀರಿಗಿಳಿದು ಆಚೆ ದಡಕ್ಕೆ ಹೋಗಿ ನಿಂತರು. ಆ ದಡದ ಪೊಲೀಸರು ಬಂದರೆ ಈಚೆಗೆ, ಈ ದಡದವರು ಬಂದರೆ ಆಚೆಗೆ, ಅದೇ ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು.

ಒಬ್ಬನು ಮಾತ್ರ ಏಳಲಿಲ್ಲ. ಗೋಣಿತಾಟಿನ ಮೇಲೆ ಅರ್ಧ ಹಂಚಿದ್ದ ಎಲೆಗಳು ಹಾಗೆಯೇ ಬಿದ್ದಿದ್ದವು. ಅದು ಅಂದರ್ ಬಾಹರ್ ಆಟ. ಮೊದಲು ತೆರೆದ ಎಲೆಯ ಜೋಡಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂದು ಪಣ ಕಟ್ಟುವುದು, ಬೇರೆ ಜಾಣತನವೇನೂ ಬೇಕಿಲ್ಲ. ಅವನು ಒಬ್ಬನೇ ಕೂತು ಉಳಿದ ಎಲೆಗಳನ್ನು ತಾನೇ ಒಂದೊಂದಾಗಿ ಮಗುಚಿ ನೋಡುತ್ತಿದ್ದ. ಆಟ ನಡೆದಿದ್ದರೆ ಯಾವ ಕಡೆ ಬೀಳುತ್ತಿತ್ತು ಎಂದು ಅವನಿಗೆ ತಿಳಿಯಬೇಕಿತ್ತು. ಹತ್ತಿರ ಹೋದಾಗ ತಲೆ ಎತ್ತಿದ. ಗುರುಸ್ವಾಮಿ.

ಅವನೇ ಹೇಳಿದ: “ಅಮೀನ್ರೇ, ಯಾರ್ಗೂ ಏಳ್ಬ್ಯಾಡಿ. ಇದೇ ಕೊನೆ. ಬಸವಣ್ಣನ ಆಣೆ.”

ಹಿಂದಿರುಗುವಾಗ ಹನೂರಿನಲ್ಲಿ ಅವನ ಬಸ್ಸಿನ ಚಾರ್ಜನ್ನು ನಾನೇ ಕೊಟ್ಟೆ. ಅವನ ಜೇಬಿನಲ್ಲಿ ಒಂದಾಣೆಯೂ ಇರಲಿಲ್ಲ. ಕೊಳ್ಳೇಗಾಲದವರೆಗೆ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದ. ನಾನು ಯಾರಿಗೂ ಹೇಳಲಿಲ್ಲ. ಚಾಡಿ ಹೇಳುವುದು ಅಮೀನನ ಕೆಲಸವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ, ಆ ಕುರ್ಚಿಯನ್ನೂ ಆ ಕಾಫಿಯನ್ನೂ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಸಂಘದಲ್ಲಿ ಅವನನ್ನು ಎಲ್ಲರೂ ಹೊಗಳುತ್ತಿದ್ದುದು ಒಂದೇ ಮಾತಿಗೆ: ಏಳೆಂಟು ವರ್ಷದಲ್ಲಿ ಒಂದು ದಿನ ರಜೆ ಹಾಕಿದವನಲ್ಲ. ಹಬ್ಬದ ದಿನವೂ ಒಂದು ಗಳಿಗೆ ಬಾಗಿಲು ತೆರೆದು ಕೂರುತ್ತಿದ್ದ; ಪಾಲಾರಿನ ದಾರಿ ಹಿಡಿಯುತ್ತಿದ್ದುದು ಬಾಗಿಲು ಮುಚ್ಚಿದ ಮೇಲೆಯೇ. ಅದು ಹೊಗಳಿಕೆಯ ಮಾತಲ್ಲ, ಅನುಮಾನದ ಮಾತು ಎಂದು ನಾವು ಕಲಿತದ್ದು ಆಮೇಲೆ. ಪಾಲಾರಿನಲ್ಲಿ ಅವನನ್ನು ನೋಡಿದ ಎರಡು ವರ್ಷಕ್ಕೆ ಅವನಿಗೆ ಮೈಮೇಲೆ ಅಮ್ಮ ಎದ್ದಿತು. ಬಾಗಿಲಿಗೆ ಬೇವಿನಸೊಪ್ಪು ಕಟ್ಟಿದರು. ಮೂರು ವಾರ ಅವನು ಹೊರಗೆ ಬರುವಂತಿರಲಿಲ್ಲ. ಆ ನಡುವೆ ಚಿಕ್ಕತಾಯಮ್ಮ ಎಂಬ ಮುದುಕಿ, ಮನೆಗೆ ಹಂಚು ಹೊದಿಸಬೇಕೆಂದು ತನ್ನ ಉಳಿತಾಯವನ್ನು ಕೇಳಲು ಸಂಘಕ್ಕೆ ಬಂದಳು. ಅಧ್ಯಕ್ಷರು ಗುರುಸ್ವಾಮಿಯ ಹೆಂಡತಿಯಿಂದ ಬೀಗದ ಕೈ ತರಿಸಿ ಲೆಡ್ಜರು ತೆಗೆದರು. ಮುದುಕಿಯ ಪಾಸ್‌ಪುಸ್ತಕದ ತುಂಬ ಅಕ್ಷರ, ಮೊಹರು. ಲೆಡ್ಜರಿನಲ್ಲಿ ಅವಳ ಪುಟ ಮೂರು ವರ್ಷದಿಂದ ಖಾಲಿ. ಮುಂದಿನವಳ ಪುಟವೂ ಖಾಲಿ, ಅದರ ಮುಂದಿನವಳದೂ.

ಪೊಲೀಸರು ಬಂದಾಗ ಗುರುಸ್ವಾಮಿಯ ಮುಖದ ಮೇಲಿನ ಹಕ್ಕಳೆ ಇನ್ನೂ ಉದುರಿರಲಿಲ್ಲ. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ. ಎರಡು ವರ್ಷ ಸಜೆಯಾಯಿತು.

ಅಲ್ಲಿಂದ ಮುಂದೆ ನನ್ನ ಪಾಲಿನ ಕೆಲಸ. ಸಂಘದವರು ಹಣ ವಸೂಲಿಗೆ ತೀರ್ಪು ತಂದು ಅದನ್ನು ಜಾರಿ ಮಾಡಿಸಲು ನಮ್ಮ ಕೋರ್ಟಿನಲ್ಲಿ ಅಮಲ್ಜಾರಿಗೆ ಹಾಕಿದರು. ಜಮೀನನ್ನು ಅವನು ಮೊದಲೇ ಅಡವಿಟ್ಟು ಕಳೆದಿದ್ದ. ಮನೆ ಅಣ್ಣತಮ್ಮಂದಿರದು. ಉಳಿದದ್ದು ಮನೆಯೊಳಗಿನ ಸಾಮಾನು. ವಾರಂಟನ್ನು ನನ್ನ ಕೈಗೆ ಕೊಡುತ್ತ ನಾಜರ್ ಹೇಳಿದರು: “ಅವನು ನಿನ್ನ ಸ್ನೇಹಿತ ಅಂತ ಕೇಳಿದ್ದೇನೆ. ಬರಿಗೈಯಲ್ಲಿ ಬಂದೆಯೋ, ನೀನೂ ಪಾಲುದಾರ ಅಂತ ನಾನೇ ಬರೆಯುತ್ತೇನೆ.”

ನಾನು ಹೋದಾಗ ಬೆಳಗಿನ ಹತ್ತು ಗಂಟೆ. ಗುರುಸ್ವಾಮಿಯ ಹೆಂಡತಿ ದೇವೀರಮ್ಮ ಹಿತ್ತಲ ಚಪ್ಪರದಡಿ ಚರಕದ ಮುಂದೆ ಕೂತು ನೂಲು ಬಿಚ್ಚುತ್ತಿದ್ದಳು. ಮಗಳು ಶಿವಮ್ಮ, ಹನ್ನೆರಡು ವರ್ಷದವಳು, ಚಕ್ರ ತಿರುಗಿಸುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡುಗಳು ಹೊರಳುತ್ತಿದ್ದವು. ನಾನು, ಇಬ್ಬರು ಪಂಚರು, ಸಂಘದ ಗುಮಾಸ್ತ, ಇಷ್ಟು ಮಂದಿ ಬಂದು ನಿಂತರೂ ಅವಳು ಏಳಲಿಲ್ಲ. ಏಳುವಂತಿರಲಿಲ್ಲ. ನಡುವೆ ಕೈಬಿಟ್ಟರೆ ಎಳೆ ಕಡಿದು ಆ ಸುತ್ತಿನ ಗೂಡೆಲ್ಲ ಹಾಳಾಗುತ್ತದೆ. ನಾವು ಕಾದೆವು. ಬಟ್ಟಲಿನ ಗೂಡು ತೀರಿದ ಮೇಲೆ ಅವಳು ಕೈ ಒರೆಸಿಕೊಂಡು ಎದ್ದಳು. ಬೆರಳುಗಳು ಬೆಂದು ಬೆಳ್ಳಗಾಗಿದ್ದವು.

“ಏನೇನ್ ತಕಂಡೋಗ್ಬೇಕೋ ತಕಂಡೋಗಿ ಸಾ,” ಎಂದಳು.

ಪೆಟ್ಟಿಗೆ, ಹಿತ್ತಾಳೆ ಹಂಡೆ, ಗೋಡೆ ಗಡಿಯಾರ, ಒಂದು ಬೆಂಚು. ಬರೆದೆ. ಇಷ್ಟಕ್ಕೆ ಏನೂ ಬರುವುದಿಲ್ಲ ಎಂದು ಗುಮಾಸ್ತ ಗೊಣಗಿದ. ನನಗೆ ನಾಜರರ ಮಾತು ಕಿವಿಯಲ್ಲಿತ್ತು. ನಾನು ಚಪ್ಪರದ ಕಡೆ ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

“ಸಾ, ಅದು ನಂದು. ನಮ್ಮವ್ವ ಕೊಟ್ಟಿದ್ ಓಲೆ ಮಾರಿ ತಂದಿದ್ದು. ಅವ್ರುದ್ದಲ್ಲ,” ಎಂದಳು.

ಕಸಬುದಾರರ ಸಲಕರಣೆಯನ್ನು ಜಪ್ತಿ ಮಾಡಬಾರದು ಎಂದು ಕಾನೂನಿನಲ್ಲಿದೆ. ಅಡಿಗೆ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ತಾಳಿ, ಉಳುವ ಎತ್ತು, ಇವನ್ನೂ ಮುಟ್ಟಬಾರದು. ಹೆಂಡತಿಯ ಸ್ವಂತ ವಸ್ತುವಾದರೆ ಗಂಡನ ಸಾಲಕ್ಕೆ ಹಿಡಿಯುವಂತೆಯೇ ಇಲ್ಲ. ಅವಳು ಕೋರ್ಟಿಗೆ ಬಂದು ಒಂದು ಅರ್ಜಿ ಹಾಕಿದರೆ ತಡೆಯಬಹುದಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಲಿಲ್ಲ. “ಮನೆಯಲ್ಲಿರೋದೆಲ್ಲ ಯಜಮಾನನದೇ ಲೆಕ್ಕ ಕಣಮ್ಮ,” ಎಂದು ಹೇಳಿ ಪಟ್ಟಿಯಲ್ಲಿ ಐದನೆಯದಾಗಿ ಬರೆದೆ: ನೂಲು ಬಿಚ್ಚುವ ಚರಕ, ಒಂದು.

ಅವಳು ಅಳಲಿಲ್ಲ. ಚರಕ ಗಾಡಿಗೆ ಹಾಕುವಾಗ, “ಆ ಕಡೆ ಇಡ್ಕಳಿ, ಈ ಕಡೆ ಗೂಟ ಸಡ್ಲ ಐತೆ,” ಎಂದು ಪಂಚರಿಗೆ ಹೇಳಿಕೊಟ್ಟಳು.

ಹರಾಜಿನಲ್ಲಿ ಅದೇ ಊರಿನ, ನಾಲ್ಕೈದು ಚರಕ ಇಟ್ಟುಕೊಂಡಿದ್ದ ಒಬ್ಬ ಅದನ್ನು ಕೊಂಡ. ಒಂದು ವಾರದಲ್ಲಿ ದೇವೀರಮ್ಮ ಅವನ ಚರಕದ ಕೊಟ್ಟಿಗೆಗೆ ಕೂಲಿಗೆ ಸೇರಿದಳು. ಅವಳನ್ನು ಅವಳದೇ ಚರಕದ ಮುಂದೆ ಕೂರಿಸಿದರು. ಕೈಗೆ ಹೊಂದಿದ್ದು ಅದೇ ಅಲ್ಲವೆ.

ಸ್ವಲ್ಪ ದಿನಕ್ಕೆ ನಮ್ಮ ಕೋರ್ಟಿಗೆ ಹೊಸ ಮುನ್ಸೀಫರು ಬಂದರು. ಹಳೆಯ ಅಮಲ್ಜಾರಿ ಕಡತಗಳನ್ನೆಲ್ಲ ತರಿಸಿ ಓದುವ ಸ್ವಭಾವ. ಒಂದು ಮಧ್ಯಾಹ್ನ ನನ್ನನ್ನು ಚೇಂಬರಿಗೆ ಕರೆಸಿದರು. ಜಪ್ತಿ ಪಟ್ಟಿ ಅವರ ಮುಂದಿತ್ತು.

“ಐದನೇ ಬಾಬು ಏನಿದು?”

“ಚರಕ, ಸ್ವಾಮಿ.”

“ಕಸಬಿನ ಸಾಮಾನು ಮುಟ್ಟಬಾರದು ಅಂತ ನಿನಗೆ ಗೊತ್ತಿರಲಿಲ್ಲವೆ?”

“ಗೊತ್ತಿತ್ತು, ಸ್ವಾಮಿ.”

“ಗೊತ್ತಿರಲಿಲ್ಲ ಅಂದಿದ್ದರೆ ಚೆನ್ನಾಗಿತ್ತು,” ಎಂದು ಹೇಳಿ ಕಡತ ಮುಚ್ಚಿದರು. ಶಿಕ್ಷೆ ಏನೂ ಆಗಲಿಲ್ಲ. ನಾಜರರನ್ನು ಕರೆದು ಏನು ಹೇಳಿದರೋ ನನಗೆ ತಿಳಿಯದು. ಹರಾಜು ಮುಗಿದುಹೋಗಿತ್ತು. ನಾನು ದೇವೀರಮ್ಮನ ಬಳಿ ಹೋಗಿ, ದಾವೆ ಹಾಕಿದರೆ ಚರಕದ ಬೆಲೆಯಾದರೂ ಬರಬಹುದು ಎಂದೆ. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದಳು. ಒಂದೆರಡು ವರ್ಷ ಎಂದೆ. “ಅಲ್ಲಿಗಂಟ ನನ್ ಮಗ್ಳು ಉಣ್ಬೇಕಲ್ಲ ಸಾ,” ಎಂದು ಮತ್ತೆ ನೀರಿಗೆ ಕೈ ಹಾಕಿದಳು.

ಅಂದಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಏನೇನು ಜಪ್ತಿ ಮಾಡಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಚೀಲದಲ್ಲಿಟ್ಟುಕೊಂಡೆ. ಯಾವ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು ಮೊದಲು ಅದನ್ನು ಓದಿ ಹೇಳಿ, ಆಮೇಲೆ ವಾರಂಟು ತೋರಿಸುತ್ತಿದ್ದೆ. ನಾಜರ್ ಅದಕ್ಕೆ ನನ್ನ ಮೇಲೆ ಬಹಳ ದಿನ ಮುನಿಸಿಕೊಂಡಿದ್ದರು. ಹೊಸಬರಿಗೆ ನಾನು ಹೇಳುವುದು ಇಷ್ಟೆ: ಆ ಹಾಳೆಯನ್ನು ನೀವೂ ಬರೆದಿಟ್ಟುಕೊಳ್ಳಿ. ನನ್ನ ಹಾಳೆ ಬೇಡ, ನಿಮ್ಮ ಕೈಯಲ್ಲೇ ಬರೆಯಿರಿ.

ಗುರುಸ್ವಾಮಿ ಜೈಲಿನಿಂದ ಬಂದಾಗ ಅವನ ಅಣ್ಣತಮ್ಮಂದಿರು ಮನೆಗೆ ಸೇರಿಸಲಿಲ್ಲ. ದೇವೀರಮ್ಮ ಮಗಳನ್ನು ಕರೆದುಕೊಂಡು ಕೊಟ್ಟಿಗೆಯ ಪಕ್ಕದ ಒಂದು ಕೋಣೆಗೆ ಬಂದುಬಿಟ್ಟಿದ್ದಳು. ಅವನು ಅಲ್ಲಿಗೆ ಹೋಗಿ ಬಾಗಿಲ ಹೊರಗೆ ಕೂತ. ಅವಳು ಒಂದೇ ಮಾತು ಹೇಳಿದಳಂತೆ. ಇನ್ನು ಮೇಲೆ ಅವನ ಕೈಯಲ್ಲಿ ಒಂದು ಕಾಸೂ ಇರಕೂಡದು. ಕೂಲಿ ಅವಳ ಕೈಗೆ ಬರಬೇಕು, ಕ್ಷೌರಕ್ಕೆ ಅವಳೇ ಕೊಡುತ್ತಾಳೆ, ಬಸ್ಸಿನ ಟಿಕೆಟ್ಟಿಗೆ ಮಗಳು ಜೊತೆಗೆ ಬರುತ್ತಾಳೆ. ಒಪ್ಪಿದರೆ ಒಳಗೆ ಬಾ, ಇಲ್ಲವಾದರೆ ಹಾಗೇ ಎದ್ದು ಹೋಗು. ಅವನು ಒಳಗೆ ಹೋದ.

ಮಾರನೆಯ ದಿನದಿಂದ ಅದೇ ಕೊಟ್ಟಿಗೆಯಲ್ಲಿ ಅವನು ಚಕ್ರ ತಿರುಗಿಸಲು ನಿಂತ. ಅದು ಕಸಬು ಬಾರದವರು ಮಾಡುವ ಕೆಲಸ. ಕಾರ್ಯದರ್ಶಿಯಾಗಿದ್ದವನು ತಿರುಗಿಸುವುದನ್ನು ನೋಡಲು ಮೊದಮೊದಲು ಜನ ನೆಪ ಮಾಡಿಕೊಂಡು ಬರುತ್ತಿದ್ದರು. ಕೆಲವರು ಕ್ಯಾಕರಿಸಿ ಉಗುಳಿ ಹೋಗುತ್ತಿದ್ದರು. ಚಿಕ್ಕತಾಯಮ್ಮ ದಿನವೂ ಬಂದು, ಮಾತಿಲ್ಲದೆ ಒಂದಷ್ಟು ಹೊತ್ತು ಅವನನ್ನು ನೋಡಿ ಹೋಗುತ್ತಿದ್ದಳು. ಹಂಚು ಹೊದಿಸಲಾಗದೆ ಅವಳ ಮನೆಯ ಒಂದು ಗೋಡೆ ಆ ಮಳೆಗಾಲ ಕುಸಿದಿತ್ತು. ಒಂದು ತಿಂಗಳ ಮೇಲೆ ಬಾಯಿ ಬಿಟ್ಟಳು: “ಲೇ ಗುರುಸ್ವಾಮಿ, ನಮ್ಮನೇಲಿ ಚಕ್ರ ತಿರುಗ್ಸೋರಿಲ್ಲ ಕಣ್ಲಾ. ಒತ್ತಾರೆ ಬಂದು ತಿರುಗ್ಸು. ಕೂಲಿ ಕೊಡಾಕಿಲ್ಲ.”

“ಬತ್ತೀನಿ ಕಣವ್ವ,” ಎಂದ. ಎರಡು ವರ್ಷ ದಿನವೂ ಬೆಳಕು ಹರಿಯುವಾಗ ಅವಳ ಮನೆಯಲ್ಲಿ ಬಿಟ್ಟಿ ತಿರುಗಿಸಿ, ಆಮೇಲೆ ಕೊಟ್ಟಿಗೆಗೆ ಬರುತ್ತಿದ್ದ. ಅವಳ ಲೆಕ್ಕ ಹಾಗೆ ತೀರಿತು. ಉಳಿದ ಹೆಂಗಸರದು ಗಂಡ ಹೆಂಡತಿಯ ಕೂಲಿಯಲ್ಲಿ ಚೂರು ಚೂರಾಗಿ ತೀರುತ್ತ ಬಂತು. ಕೆಲವರದು ತೀರಲೇ ಇಲ್ಲ. ಇಬ್ಬರು ಮುದುಕಿಯರು ಅಷ್ಟರಲ್ಲಿ ಸತ್ತಿದ್ದರು.

ಇಲ್ಲಿಗೆ ಅವನು ಸರಿಹೋದ ಎಂದು ಬರೆದು ನಿಲ್ಲಿಸಿದರೆ ಸುಳ್ಳಾಗುತ್ತದೆ. ಅವನು ಜೈಲಿನಿಂದ ಬಂದು ನಾಲ್ಕನೇ ವರ್ಷ, ಮಾಂಬಳ್ಳಿಯಲ್ಲಿ ನೆಂಟರ ಮದುವೆ. ಎಲ್ಲರೂ ಕೆಲಸದಲ್ಲಿದ್ದಾಗ ಯಾರೋ ಹಿರಿಯರು, ಅವನ ಸಂಗತಿ ತಿಳಿಯದೆ, ಯಳಂದೂರಿನಿಂದ ಹೂವು, ಬಾಳೆಯೆಲೆ ತಾ ಎಂದು ಅವನ ಕೈಗೆ ನೋಟುಗಳನ್ನು ಕೊಟ್ಟರು. ಹೋದವನು ಬರಲಿಲ್ಲ. ಹೂವಿಲ್ಲದೆ ಧಾರೆಯ ಹೊತ್ತು ಮೀರುತ್ತ ಬಂದು, ದೇವೀರಮ್ಮ ಎಲ್ಲರ ಎದುರು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಐದನೆಯ ದಿನ ನಾನು ಸಮನ್ಸು ಕೊಡಲು ಹನೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗುರುಸ್ವಾಮಿ ಕೂತಿದ್ದ. ಕಾಲಲ್ಲಿ ಚಪ್ಪಲಿ ಇಲ್ಲ, ಹೆಗಲಲ್ಲಿ ವಲ್ಲಿ ಇಲ್ಲ, ಎರಡನ್ನೂ ಪಾಲಾರಿನಲ್ಲಿ ಪಣಕ್ಕೆ ಇಟ್ಟಿದ್ದ. ಪಕ್ಕದಲ್ಲಿ ಕೂತೆ. ಇಡ್ಲಿ ಕೊಡಿಸಿದೆ. ತಿಂದ. ಅವನನ್ನು ಎಂದೂ ಕೇಳದಿದ್ದುದನ್ನು ಅಂದು ಕೇಳಿದೆ: ಅದರಲ್ಲಿ ಅಂಥದ್ದೇನು ಇದೆ?

ಅವನು ಹೇಳಿದ: “ಗೆದ್ರೂ ಸುಕ ಇಲ್ಲ ಕಣ್ರಿ ಅಮೀನ್ರೇ. ಗೆದ್ದಿದ್ದ ಎತ್ಕಂಡ್ ಬಂದೋನಲ್ಲ ನಾನು. ಎಲೆ ಮಗುಚೋಕ್ ಮುಂಚೆ ಒಂದ್ ಗಳ್ಗೆ ಐತಲ್ಲ, ಇನ್ನೂ ಒಳಗೂ ಇಲ್ಲ ಹೊರಗೂ ಇಲ್ಲ ಅಂತ. ಆ ಗಳ್ಗೇಲಿ ನಂಗೆ ಸಾಲ ಇಲ್ಲ, ಜೈಲಿಲ್ಲ, ಎಂಡ್ರು ಮಕ್ಳಿಲ್ಲ. ನಾನೂ ಇಲ್ಲ. ಅದುಕ್ಕೆ ಓಯ್ತೀನಿ.”

ಕೈ ತೊಳೆದು ಬಂದು, “ನನ್ನ ಇಲ್ಲೇ ಬುಟ್ಬುಡಿ. ಅವ್ಳ ಮೊಕ ನೋಡಾಕಾಗಾಕಿಲ್ಲ,” ಎಂದ.

ನಾನು ಬಿಡಲಿಲ್ಲ. ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಈ ಸಲ ಬಾಯಿ ಮುಚ್ಚಿಕೊಂಡು ಇರಬಾರದು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ. ದೇವೀರಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಅಂದು ಕಂಡದ್ದನ್ನು ಮಾತ್ರವಲ್ಲ, ಮೊದಲ ಸಲ ಹೊಂಗೆ ಮರದಡಿ ಅವನನ್ನು ಕಂಡು ಸುಮ್ಮನಿದ್ದುದನ್ನೂ, ಚರಕದ ವಿಷಯದಲ್ಲಿ ಕಾನೂನು ಗೊತ್ತಿದ್ದೂ ಹೇಳದೆ ಹೋದುದನ್ನೂ ಹೇಳಿದೆ. ಗುರುಸ್ವಾಮಿ ಗೋಡೆಗೆ ಒರಗಿ ನೆಲ ನೋಡುತ್ತ ಕೂತಿದ್ದ.

ಅವಳು ಬೆರಳುಗಳನ್ನು ಸೆರಗಿನಲ್ಲಿ ಒತ್ತಿಕೊಳ್ಳುತ್ತ ಕೇಳಿದಳು. ಆಮೇಲೆ ಹೇಳಿದಳು: “ಅವತ್ತು ನೀವ್ ಬಂದು ಏಳಿದ್ರೆ ನಾನ್ ನಂಬ್ತಿರ್ಲಿಲ್ಲ ಸಾ. ನಿಮ್ಮುನ್ನೇ ಬಯ್ದು ಕಳುಸ್ತಿದ್ದೆ.”

ನನಗೆ ಸ್ವಲ್ಪ ಹಗುರವಾಯಿತು. ಅದು ಅವಳಿಗೆ ಕಂಡಿರಬೇಕು.

“ಆದ್ರೂವೆ ಏಳ್ಬೇಕಾಗಿತ್ತು,” ಎಂದಳು.

ಎದ್ದು ಅವನಿಗೆ ತಟ್ಟೆ ಹಾಕಿ ಮುದ್ದೆ ಇಟ್ಟಳು. ಆ ಮದುವೆಮನೆಯ ದುಡ್ಡನ್ನು ಮುಂದಿನ ಒಂದು ವರ್ಷದಲ್ಲಿ ತೀರಿಸಿದರು. ಅಲ್ಲಿಂದ ಮೇಲೆ ಅವನು ಮತ್ತೂ ಕಟ್ಟುನಿಟ್ಟಾದ. ಯಾರಾದರೂ ಮರೆತು ಚಿಲ್ಲರೆ ಕೊಡಲು ಬಂದರೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಕೊಳ್ಳೇಗಾಲಕ್ಕೆ ಒಬ್ಬನೇ ಬರಬೇಕಾದರೆ ನಡೆದೇ ಬರುತ್ತಿದ್ದ. ನಮ್ಮ ಕೋರ್ಟಿನ ಮುಂದಿನ ಹೋಟೆಲಿನಲ್ಲಿ ನಾನು ಕಾಫಿಗೆ ದುಡ್ಡು ಕೊಡುವಾಗ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದ.

ಶಿವಮ್ಮನನ್ನು ಮಾಂಬಳ್ಳಿಗೆ ಮದುವೆ ಮಾಡಿಕೊಟ್ಟರು. ಎಪ್ಪತ್ತರ ದಶಕ ಬಂತು. ಚರಕಗಳು ಹೋಗಿ ನೂಲು ಬಿಚ್ಚುವ ಬೇಸಿನ್ ಯಂತ್ರಗಳು ಬಂದವು. ಹಬೆಯಲ್ಲಿ ಅಷ್ಟು ವರ್ಷ ಕೂತು ಕೂತು ದೇವೀರಮ್ಮನಿಗೆ ಉಬ್ಬಸ ಹಿಡಿಯಿತು. ಒಂದು ದಿನ ಗುರುಸ್ವಾಮಿ ಏದುಸಿರು ಬಿಡುತ್ತ ಕೋರ್ಟಿನ ಜಗುಲಿಗೆ ಬಂದ. ಅವಳು ಆಸ್ಪತ್ರೆಯಲ್ಲಿದ್ದಾಳೆ, ಹೊರಗಿನ ಅಂಗಡಿಯಿಂದ ಔಷಧ ತರಬೇಕೆಂದು ಡಾಕ್ಟರು ಚೀಟಿ ಕೊಟ್ಟಿದ್ದಾರೆ, ಮಗಳು ಇನ್ನೂ ಬಂದಿಲ್ಲ. “ದುಡ್ಡೈತೆ, ಅವ್ಳ ಸೆರಗ್ನಲ್ಲೈತೆ. ತಕಂಡೋಗೋರಿಲ್ಲ. ನೀವ್ ಬನ್ನಿ,” ಎಂದ.

ಹೋದೆ. ದೇವೀರಮ್ಮ ದಿಂಬಿಗೆ ಒರಗಿ ಕೂತಿದ್ದಳು, ಮಾತಾಡಲು ಉಸಿರು ಸಾಲದು. ಸೆರಗಿನ ಗಂಟು ಬಿಚ್ಚಿ ನೋಟು ತೆಗೆದಳು. ನಾನು ಕೈ ನೀಡಿದೆ. ಅವಳು ನನ್ನ ಕೈಯನ್ನು ದಾಟಿ ಗಂಡನ ಕಡೆ ನೋಟು ಚಾಚಿದಳು.

ಅವನು ಹಿಂದಕ್ಕೆ ಸರಿದ. “ಬ್ಯಾಡ. ನನ್ ಕೈಗ್ ಬ್ಯಾಡ.”

“ಓಗಿ ತತ್ತ,” ಎಂದಳು.

ಅವನು ನೋಟು ತೆಗೆದುಕೊಂಡು ಹೋದ. ನಾನು ಹೋಗಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು. ಔಷಧದ ಅಂಗಡಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿತ್ತು. ಹನೂರಿನ ಬಸ್ಸುಗಳು ನಿಲ್ಲುವುದೂ ಅಲ್ಲೇ. ಹೋಗಿ ಬರಲು ಕಾಲು ಗಂಟೆಯ ದಾರಿ. ಅರ್ಧ ಗಂಟೆ ಕಳೆಯಿತು. ನಾವಿಬ್ಬರೂ ಬಾಗಿಲ ಕಡೆ ನೋಡದೆ ಕೂತಿದ್ದೆವು. ಮುಕ್ಕಾಲು ಗಂಟೆಯಾದ ಮೇಲೆ ಅವನು ಬಂದ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಅಂಗಡಿಯಲ್ಲಿ ಜನವಿತ್ತೋ, ದಾರಿಯಲ್ಲಿ ಎಲ್ಲಿಯಾದರೂ ನಿಂತಿದ್ದನೋ, ನಾವು ಕೇಳಲಿಲ್ಲ. ಔಷಧದ ಸೀಸೆಯನ್ನು ಇಟ್ಟು, ಉಳಿದ ಚಿಲ್ಲರೆಯನ್ನು ಕಂಬಳಿಯ ಮೇಲೆ ಸುರಿದ.

“ಎಣ್ಸು,” ಎಂದ.

ಅವಳಿಗೆ ಉಸಿರು ಎಳೆಯುವುದೇ ಕಷ್ಟವಾಗಿತ್ತು. ಆದರೂ ಒಂದೊಂದಾಗಿ ಎಣಿಸಿದಳು. ಚೀಟಿ ನೋಡಿ ಹೊಂದಿಸಿದಳು. ಸರಿಯಾಗಿದೆ ಎಂದು ತಲೆಯಾಡಿಸಿದಳು. ಆಗ ಅವನು ನೆಲದ ಮೇಲೆ ಕೂತ.

ಆ ಸಲ ಬದುಕಿಕೊಂಡಳು. ಮುಂದಿನ ಚಳಿಗಾಲ ದಾಟಲಿಲ್ಲ. ತಿಥಿ ಮುಗಿಸಿದ ಮೇಲೆ ಗುರುಸ್ವಾಮಿ ನನ್ನ ಮನೆಗೆ ಬಂದು ಜಗುಲಿಯಲ್ಲಿ ಕೂತ. ನನ್ನನ್ನು ಕೇಳಿದ: “ಇನ್ ಎಣ್ಸೋರ್ ಯಾರು ಅಮೀನ್ರೇ?”

ಅವನು ಮಗಳ ಮನೆಗೆ ಹೋದ. ಕೆಲಸ ಮಾತ್ರ ಕೊಳ್ಳೇಗಾಲದ ಒಂದು ಬೇಸಿನ್ ಮನೆಯಲ್ಲಿ. ಶನಿವಾರ ಬಟವಾಡೆಯಾದ ಕೂಡಲೇ ನನ್ನ ಮನೆಗೆ ಬರುತ್ತಿದ್ದ. ಬಟ್ಟೆಯಲ್ಲಿ ಸುತ್ತಿದ ಕೂಲಿಯನ್ನು ನನ್ನ ಮುಂದಿಡುತ್ತಿದ್ದ. ನಾನು ಎಣಿಸಿ, ಚೀಟಿಯಲ್ಲಿ ಬರೆದು, ಗಂಟು ಕಟ್ಟಿ ಕೊಡುತ್ತಿದ್ದೆ. ಅವನು ಅದನ್ನು ಮಾಂಬಳ್ಳಿಗೆ ಒಯ್ದು ಶಿವಮ್ಮನಿಗೆ ಕೊಡುತ್ತಿದ್ದ. ಮೂರು ವರ್ಷ ಹೀಗೆ ನಡೆಯಿತು.

ನಾನು ನಿವೃತ್ತನಾದ ವರ್ಷ ಒಂದು ಶನಿವಾರ ಅವನು ಬರಲಿಲ್ಲ. ಭಾನುವಾರವೂ ಬರಲಿಲ್ಲ. ರಜೆಯ ದಿನವಾದ್ದರಿಂದ ಬೇಸಿನ್ ಮನೆಯಲ್ಲಿ ಕಾವಲುಗಾರ ಮಾತ್ರ ಇದ್ದ, ಅವನನ್ನು ವಿಚಾರಿಸಿದೆ. ಗುರುಸ್ವಾಮಿ ಬಟವಾಡೆ ತೆಗೆದುಕೊಂಡು ಹೋದ ಎಂದ. ಸೋಮವಾರ ಬೆಳಗ್ಗೆ ಬಸ್ಸು ಹತ್ತಿ ಮಾಂಬಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ನಾನು ಶಿವಮ್ಮನಿಗೆ ಏನು ಹೇಳಲಿ, ಅವನನ್ನು ಹುಡುಕಲು ಪಾಲಾರಿಗೆ ಯಾರನ್ನು ಕರೆದುಕೊಂಡು ಹೋಗಲಿ ಎಂದೇ ಯೋಚಿಸುತ್ತಿದ್ದೆ. ಬೇರೆ ಏನಾದರೂ ಆಗಿರಬಹುದೆಂದು ನನಗೆ ಒಂದು ಸಲವೂ ತೋಚಲಿಲ್ಲ.

ಅವನು ಮಗಳ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಶನಿವಾರ ಬಟವಾಡೆಯಾಗುವ ಹೊತ್ತಿಗೇ ವಿಪರೀತ ಜ್ವರ, ಜೊತೆಯ ಕೆಲಸದವರು ಗಾಡಿಯಲ್ಲಿ ತಂದು ಬಿಟ್ಟಿದ್ದರು. ಶಿವಮ್ಮ ಗೋಡೆಯ ಗೂಟದ ಕಡೆ ಕೈ ತೋರಿಸಿದಳು. ಕೂಲಿಯ ಗಂಟು ಅಲ್ಲಿ ನೇತಾಡುತ್ತಿತ್ತು.

“ಯಾರೂ ಮುಟ್ಬ್ಯಾಡಿ ಅಂದವ್ರೆ ಸಾ. ಮನೇಲಿ ಅಕ್ಕಿ ತರಕೂ ಬುಟ್ಟಿಲ್ಲ. ನೀವ್ ಬಂದು ಎಣುಸ್ಬೇಕಂತೆ.”

ನಾನು ಚಾಪೆಯ ಪಕ್ಕದಲ್ಲಿ ಕೂತು ಗಂಟು ಬಿಚ್ಚಿದೆ. ಅವನು ಕಣ್ಣು ತೆರೆದು ನನ್ನ ಕೈಯನ್ನೇ ನೋಡುತ್ತಿದ್ದ. ಅವನಿಗೆ ಕಾಣುವಂತೆ ಒಂದೊಂದನ್ನೇ ಎತ್ತಿ ಚಾಪೆಯ ಮೇಲೆ ಇಟ್ಟೆ. ನಡುವೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಬೇಕಾಯಿತು.

“ಸರ್‍ಯಾಗೈತಾ?” ಎಂದ.

“ಸರಿಯಾಗಿದೆ ಗುರುಸ್ವಾಮಿ,” ಎಂದೆ.

ಅವನು ಮಗಳ ಕಡೆ ತಿರುಗಿ, ಅಕ್ಕಿ ತರಲು ಹೋಗು ಎಂಬಂತೆ ಕೈಸನ್ನೆ ಮಾಡಿ, ಗೋಡೆಯ ಕಡೆ ಹೊರಳಿ ಮಲಗಿದ.